ಖಾಲಿ ಬ್ಯಾಂಡಿನಲ್ಲಿ ಕರೆದವಳು

ತರಂಗಾಂತರ ಹಂಚಿಕೆಯ ಮುಖ್ಯಾಧಿಕಾರಿಗಳೇ,

ನೆರೆ ಬಂದ ದಿನ ನನ್ನ ತಂಗಿ ರೇಡಿಯೋದಲ್ಲಿ ಕರೆದದ್ದು ನನಗೆ ಕೇಳಿಸಲಿಲ್ಲ. ಕೇಳಿಸದಂತೆ ಮಾಡಿದ್ದು ನಿಮ್ಮ ಕಚೇರಿ. ನನ್ನ ದೂರಿಗೆ ನೀವು, ಆ ಮಧ್ಯಾಹ್ನ ನಮ್ಮ ರೇಡಿಯೋ ಬ್ಯಾಂಡಿನಲ್ಲಿ 'ಯಾವುದೇ ಅಡಚಣೆ ಕಂಡುಬಂದಿಲ್ಲ' ಎಂದು ಉತ್ತರಿಸಿ ಕೈತೊಳೆದುಕೊಂಡಿರಿ. ಮತ್ತೆ ಖಾಸಗಿಯಾಗಿ ಬರೆದರೆ ಕಾಗದ ನಿಮ್ಮ ಮೇಜಿನ ಮೇಲೆ ಧೂಳು ತಿನ್ನುತ್ತದೆ. ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ.

ನಾನು ಫ್ಯಾನು, ಮಿಕ್ಸಿ ರಿಪೇರಿ ಮಾಡುವವನು. ಪರೀಕ್ಷೆ ಬರೆದು ಪರವಾನಗಿ ಪಡೆದು, ದೂರದವರೊಡನೆ ರೇಡಿಯೋದಲ್ಲಿ ಮಾತಾಡುವ ಹವ್ಯಾಸಿ (ಹ್ಯಾಮ್) ರೇಡಿಯೋದವನೂ ಹೌದು. ತಂಗಿ ನದಿಯಾಚೆಯ ಗುಡ್ಡದ ಆರೋಗ್ಯ ಕೇಂದ್ರದಲ್ಲಿ ನರ್ಸ್. ಫೋನು ಸತ್ತ ದಿನಕ್ಕಿರಲಿ ಎಂದು ಅವಳಿಗೂ ಪರೀಕ್ಷೆ ಕಟ್ಟಿಸಿ ಪರವಾನಗಿ ಕೊಡಿಸಿದೆ. "ನೀನ್ ಕರೆ, ನಾನಿರ್ತೀನಿ" ಎಂದು ಮಾತು ಕೊಟ್ಟಿದ್ದೆ.

ಹೋದ ವರ್ಷ ನಿಮ್ಮವರು ವ್ಯಾನಿನಲ್ಲಿ ಬಂದು ನಮ್ಮ ಬ್ಯಾಂಡಿಗೆ ಕಿವಿಗೊಟ್ಟು ಕುಳಿತರು. "ಏನ್ರೀ, ಯಾರೂ ಮಾತೇ ಆಡ್ತಿಲ್ವಲ್ಲ?" ಎಂದು ನಿಮ್ಮ ಇಂಜಿನಿಯರ್ ಕೇಳಿದರು. ಕರೆಯಲೆಂದು ಗೊತ್ತುಮಾಡಿದ ತರಂಗಾಂತರವನ್ನು ನಾವು ಬೇಕೆಂದೇ ಸುಮ್ಮನೆ ಬಿಡುತ್ತೇವೆ, ಕರೆದು ಉತ್ತರ ಸಿಕ್ಕ ಕೂಡಲೇ ಪಕ್ಕಕ್ಕೆ ಸರಿದು ಮಾತಾಡುತ್ತೇವೆ, ಎಲ್ಲೋ ಬ್ಯಾಟರಿ ಸೋತವರ ಸಣ್ಣ ದನಿಯೂ ಕೇಳಿಸಬೇಕಲ್ಲ ಎಂದು ವಿವರಿಸಿದೆ. ಅವರು ತಲೆಯಾಡಿಸಿದರು. ನಿಮ್ಮ ಆದೇಶದಲ್ಲಿ ಅದು 'ಬಳಕೆಯಲ್ಲಿಲ್ಲದ ತರಂಗಾಂತರ' ಎಂದಾಯಿತು. ಮಾನ್ಯರೇ, ಆಂಬುಲೆನ್ಸಿಗೆಂದು ಆಸ್ಪತ್ರೆಯ ಬಾಗಿಲಲ್ಲಿ ಖಾಲಿ ಬಿಟ್ಟ ಜಾಗ ಕಂಡರೆ ಅಲ್ಲೂ ಮಳಿಗೆ ಕಟ್ಟಿಸುತ್ತೀರಾ? ತರಂಗಾಂತರದ ಆ ತುಂಡನ್ನು ಒಂದು ಸಾಗಣೆ ಕಂಪನಿಗೆ 'ಹಂಚಿಕೊಂಡು ಬಳಸಲು' ಕೊಟ್ಟಿರಿ. ಅವರ ಪ್ರತಿ ಲಾರಿಯಲ್ಲೂ ಒಂದು ರೇಡಿಯೋ ಪೆಟ್ಟಿಗೆ; ತಾನೆಲ್ಲಿದ್ದೇನೆಂದು ಅದು ಕಂಪನಿಗೆ ಕೂಗಿ ಹೇಳುತ್ತಲೇ ಇರುತ್ತದೆ. ಹಂಚಿಕೊಳ್ಳುವುದೆಂದರೆ ಕೂಗುವುದು ಅವರು, ಕಿವಿ ಮುಚ್ಚಿಕೊಳ್ಳುವುದು ನಾವು ಎಂಬುದು ಆಮೇಲೆ ತಿಳಿಯಿತು.

ನೆರೆಗೆ ಸೇತುವೆ ಹೋಯಿತು, ಫೋನೂ ಹೋಯಿತು. ದಾರಿ ಕಾಣದೆ ಆ ಕಂಪನಿಯ ಲಾರಿಗಳು ನನ್ನ ಅಂಗಡಿಯ ಮುಂದೆ ರಸ್ತೆಯುದ್ದಕ್ಕೂ ಸಾಲುಗಟ್ಟಿದವು. ಎಲ್ಲಿಗೂ ಹೋಗಲಾರದ ಲಾರಿಗಳು, ನಾನಿಲ್ಲಿದ್ದೇನೆ, ನಾನಿಲ್ಲಿದ್ದೇನೆ ಎಂದು ಒಂದೇ ಸಮನೆ ಕೂಗಿದವು. ಹೆಡ್‌ಫೋನಿನಲ್ಲಿ ಬರೀ ಕರಕರ. ಹೊರಗೆ ಓಡಿ ಡ್ರೈವರುಗಳಿಗೆ ಕೈಮುಗಿದೆ: "ಒಂದ್ ಗಳಿಗೆ ಆಫ್ ಮಾಡ್ರಪ್ಪಾ."

"ಅದಕ್ಕೆ ಸ್ವಿಚ್ಚೇ ಇಲ್ಲ ಅಣ್ಣಾ" ಎಂದ ಒಬ್ಬ. "ವೈರ್ ಕಿತ್ರೆ ನಾಳೆ ನನ್ನ ಕೆಲ್ಸಾನೇ ಕೀಳ್ತಾರೆ."

ಅವನ ಮೇಲೆ ನನಗೆ ಸಿಟ್ಟಿಲ್ಲ. ಮತ್ತೆ ಬಂದು ಕತ್ತಲಾಗುವವರೆಗೂ ಕಿವಿಗೊಟ್ಟು ಕುಳಿತೆ.

ಅದೇ ಹೊತ್ತಿನಲ್ಲಿ ಆಚೆ ದಡದಿಂದ ತಂಗಿ ದೋಣಿಗಾಗಿ ಕರೆಯುತ್ತಿದ್ದಳು. ಹೆರಿಗೆಯಾದ ಹುಡುಗಿಯೊಬ್ಬಳಿಗೆ ರಕ್ತ ನಿಲ್ಲುತ್ತಿರಲಿಲ್ಲ. ರಕ್ಷಣಾ ದೋಣಿ ಈಚೆ ದಡದಲ್ಲೇ, ಕರೆ ಬಂದಿದೆಯೆಂದು ನಾನು ಓಡಿ ಹೇಳಿದರೆ ಹೊರಡಲು ಸಿದ್ಧವಾಗಿತ್ತು. ಬ್ಯಾಟರಿ ಮುಗಿಯುವವರೆಗೂ ತಂಗಿ ಕರೆದಳು. ಮಗು ಉಳಿಯಿತು. ಹುಡುಗಿ ತಂಗಿಯ ಕೈಯಲ್ಲೇ ಸತ್ತಳು.

ನೀರಿಳಿದ ಮೇಲೆ ತಂಗಿ ಬಂದಳು. "ಅಣ್ಣಾ, ನಿಜ ಹೇಳು. ಕಣ್ಣು ಹತ್ತಿತ್ತಾ ನಿಂಗೆ?"

"ಇಲ್ಲ ಕಣೇ, ಕೂತೇ ಇದ್ದೆ. ಲಾರಿಗಳ ಗಲಾಟೇಲಿ ನಿನ್ ದನಿ ಬರ್ಲೇ ಇಲ್ಲ."

ಆಗ ನಂಬಿದಳು. ಆಮೇಲೆ ನಿಮ್ಮ ಉತ್ತರ ಬಂತು, ಅವಳೂ ಓದಿದಳು. ಅಡಚಣೆಯೇ ಇರಲಿಲ್ಲವೆಂದ ಮೇಲೆ ಅವಳ ಕರೆ ನನ್ನನ್ನು ಮುಟ್ಟಿರಲೇಬೇಕಲ್ಲವೇ? ಸರ್ಕಾರ ಸುಳ್ಳು ಹೇಳೀತೇ? ಅಂದಿನಿಂದ ಅವಳು ನನ್ನ ಫೋನು ಎತ್ತುತ್ತಿಲ್ಲ. ಸತ್ತ ಹುಡುಗಿಯ ಗಂಡ ಮಗುವನ್ನು ಎತ್ತಿಕೊಂಡು ಅಂಗಡಿಗೆ ಬಂದ, ನನ್ನ ಮುಖವನ್ನೊಮ್ಮೆ ನೋಡಿ ಹೊರಟುಹೋದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆ ತುಂಡನ್ನು ನಮಗೆ ಹಿಂತಿರುಗಿಸಿ. ಲಾರಿಗಳಿಗೆ ಬೇರೆ ಜಾಗ ಹುಡುಕಿಕೊಡಿ. ಅದಕ್ಕೆ ಸಭೆ, ಸಮಿತಿ, ಸಹಿ ಎಲ್ಲ ಆಗಬೇಕು, ಅಷ್ಟರಲ್ಲಿ ಇನ್ನೊಂದು ನೆರೆ ಬಂದು ಹೋದರೂ ನಿಮ್ಮ ತಾಳ್ಮೆ ಕೆಡುವುದಿಲ್ಲ, ಬಲ್ಲೆ. ಆದರೆ ಇನ್ನೊಂದು ಕೆಲಸ ಇವತ್ತೇ ಆಗುತ್ತದೆ. ನನಗೆ ಉತ್ತರ ಬೇಡ. ಕಚೇರಿಯ ಮೊಹರು ಹಾಕಿ ನನ್ನ ತಂಗಿಗೆ ಒಂದೇ ಸಾಲು ಬರೆಯಿರಿ: ನಿಮ್ಮ ಅಣ್ಣ ಎಚ್ಚರವಾಗಿದ್ದರು.

ಇಂತಿ,
ನಿಮ್ಮ ಉತ್ತರದ ಪ್ರಕಾರ ನಿದ್ದೆಹೋಗಿದ್ದ
ಫ್ಯಾನು-ಮಿಕ್ಸಿ ರಿಪೇರಿಯವನು