ಕಪ್ಪರವಾಡಿ ಬಾವಿಯ ಮೊದಲ ಕೊಡ

ತಾಲೂಕಿನ ದೊಡ್ಡ ಸಾಹೇಬರೇ,

ಬರುವ ಸೋಮವಾರ ನಮ್ಮ ಕಪ್ಪರವಾಡಿಯ ಬಾವಿಯಿಂದ ತಾವೇ ಮೊದಲ ಕೊಡ ನೀರು ಸೇದುತ್ತೀರೆಂದು ಡಂಗುರ ಸಾರಿಸಿದ್ದೀರಿ. ದಯವಿಟ್ಟು ಸೇದಬೇಡಿ.

ಕಳೆದ ತಿಂಗಳು ತಾವು ಜೀಪಿನಲ್ಲಿ ಸಂತಪುರ ದಾಟಿ ಬಂದು, ನಮ್ಮ ಮುರುಕು ಬುರುಜು, ದರ್ಗಾ, ಹಣಮಂತನ ಗುಡಿ ಎಲ್ಲ ನೋಡಿದಿರಿ. ಬಾದಶಹರ ಕಾಲದ ಬಾವಿಯ ಮೆಟ್ಟಿಲು ಕಂಡು ವಾಹ್ ಎಂದಿರಿ. ಇಂಥ ಬಾವಿ ಬಿಟ್ಟು ಹೆಂಗಸರು ಹಳ್ಳದ ನೀರಿಗೆ ಹೋಗುತ್ತಾರಲ್ಲ, ಎಂಥ ಮೌಢ್ಯ ಎಂದೂ ಅಂದಿರಿ. ಯಾಕೆ ಎಂದು ಒಬ್ಬರನ್ನಾದರೂ ಕೇಳಿದ್ದರೆ ತಮ್ಮ ದೊಡ್ಡಸ್ತಿಕೆಗೆ ಏನು ಕಡಿಮೆಯಾಗುತ್ತಿತ್ತು?

ಕೇಳದಿದ್ದರೂ ಹೇಳುತ್ತೇನೆ. ಭಾರತದ ಸೈನ್ಯ ಬಂದ ಪೊಲೀಸ್ ಆಕ್ಷನ್‌ಗೆ ಮೊದಲು ನಿಜಾಮರ ಕಡೆಯ ರಜಾಕಾರರು ಬಂದು ನಮ್ಮ ಬಣವೆಗಳಿಗೆ ಬೆಂಕಿಯಿಟ್ಟರು. ಅವತ್ತು ನನ್ನ ತಾಯಿ ಸಖುಬಾಯಿಯನ್ನು ಮನೆಯೊಳಗೆ ಬಚ್ಚಿಟ್ಟು ಉಳಿಸಿದವಳು ದರ್ಜಿ ಅಬ್ದುಲ ಮಜೀದನ ಹೆಂಡತಿ ಜೈನಾಬಿ. ಆಕ್ಷನ್ ಮುಗಿದ ಮೇಲೆ ಸೇಡು ತೀರಿಸಲು ಬೇರೆ ಮಂದಿ ಬಂದರು. ಈ ಸಲ ಹುಡುಕಿದ್ದು ಜೈನಾಬಿಯಂಥ ಮುಸಲ್ಮಾನರನ್ನು. ಮಜೀದ ಸಂತೆಗೆ ಹೋಗಿದ್ದ. ಆಕೆ ಮಗಳು ಹಲೀಮಾಳ ಕೈ ಹಿಡಿದು ಬಾವಿಗೆ ಹಾರಿದಳು. ನಾವೇ ಹೆಣ ಎತ್ತಿ ಖಬರಸ್ತಾನದಲ್ಲಿ ಮಣ್ಣು ಮಾಡಿದೆವು.

"ನಾ ಹೊಲದಾಗ ಇದ್ನೆಪ್ಪ. ಮನಿಯಾಗ ಇದ್ದಿದ್ರ ಇಬ್ಬರನ್ನೂ ಕಾಳಿನ ಹಗೇವಿನ್ಯಾಗ ಮುಚ್ಚಿಡ್ತಿದ್ನಿ," ಎಂದು ಅವ್ವ ಈಗಲೂ ಅನ್ನುತ್ತಾಳೆ. ಕೇಳಿ ಕೇಳಿ ನನಗೆ ಅಳು ಬರುವುದಿಲ್ಲ, ಸಿಟ್ಟೂ ಬರುವುದಿಲ್ಲ. ಎದೆ ಜೋಮು ಹಿಡಿದ ಕಾಲಿನಂತಾಗಿದೆ.

ನಮ್ಮೂರಲ್ಲೊಂದು ರೂಢಿಯಿದೆ. ಬಾವಿಯಲ್ಲಿ ಜೀವ ಹೋದರೆ, ಸತ್ತವರ ಮನೆಯವರೇ ಬಂದು ಮೊದಲ ಕೊಡ ಸೇದಿ ಊರಿಗೆ ಕೊಡಬೇಕು. ಅಲ್ಲಿಯವರೆಗೆ ಯಾರೂ ಹಗ್ಗ ಇಳಿಸುವುದಿಲ್ಲ. ಆ ಮನೆಯಲ್ಲಿ ಉಳಿದವನು ಮಜೀದನೊಬ್ಬನೇ. ಮಣ್ಣು ಕೊಟ್ಟು ಹೋದವನು ತಿರುಗಿ ಬಂದಿಲ್ಲ. ಈಗ ಭಾಲ್ಕಿ ಸ್ಟೇಷನ್ನಿನ ಹತ್ತಿರ ಹೊಲಿಯುತ್ತಾನೆ. ಕರೆಯಲು ಹೋಗಿದ್ದೆ.

"ಮಜೀದಣ್ಣ, ಊರಿಗೆ ಬಾ. ಅವ್ವ ನಿನ್ನ ದಾರಿ ನೋಡ್ತಾಳ," ಎಂದೆ.

ಆತ ಮಿಷನ್ ನಿಲ್ಲಿಸಲಿಲ್ಲ. "ನಿಮ್ಮ ಮ್ಯಾಲ ನಂದೇನೂ ಸಿಟ್ಟಿಲ್ಲೋ ಪಂಢರಿ. ಅವತ್ತು ಬಂದವರು ಈಗ ಸಂತ್ಯಾಗ ನನಗ ನಮಸ್ಕಾರ ಮಾಡ್ತಾರ. ಏನೂ ಆಗೇ ಇಲ್ಲ ಅನ್ನೋಹಂಗ. ನನ್ನ ಹೆಣ್ತಿ, ನನ್ನ ಮಗಳು ಸತ್ತಾರಂತ ಸರ್ಕಾರ ಒಮ್ಮೆ ಬಾಯಿಬಿಟ್ಟು ಹೇಳ್ಲಿ. ಬರ್ತೇನಿ."

ಇಷ್ಟೇ ಸಾಹೇಬರೇ. ನಿಜಾಮರು ಹೋದರು, ತಾವು ಬಂದಿರಿ. ಹೂಳು ತೆಗೆಸಿದಿರಿ, ಸುಣ್ಣ ಬಳಿಸಿದಿರಿ, ಹಾರವನ್ನೂ ಹೇಳಿಟ್ಟಿರಬೇಕು. ಆ ಒಂದು ಮಾತಿಗೆ ಮಾತ್ರ ಮೇಲಿನಿಂದ ಹುಕುಂ ಬರಬೇಕೇ?

ಸೋಮವಾರ ಜೀಪನ್ನು ಭಾಲ್ಕಿಗೆ ತಿರುಗಿಸಿ. ಮಜೀದನ ಅಂಗಡಿಯ ಮುಂದೆ ಇಳಿದು ಆ ಎರಡು ಹೆಸರು ಹೇಳಿ. ಅವನನ್ನು ಕರೆತಂದರೆ ಊರೇ ತಮಗೆ ಕೈಮುಗಿಯುತ್ತದೆ. ಬರಿಗೈಯಲ್ಲಿ ಬಂದು ತಾವೇ ಸೇದುವುದಾದರೆ ಸೇದಿರಿ, ತಡೆಯುವ ತಾಕತ್ತು ನಮಗಿಲ್ಲ. ಆದರೆ ಆ ನೀರನ್ನು ನನ್ನ ತಾಯಿ ಕುಡಿಯುವುದಿಲ್ಲ.

ಇಂತಿ,
ತಾವು ಮೂಢರೆಂದು ಕರೆದವರ ಪೈಕಿ ಅಕ್ಷರ ಬಲ್ಲ ಒಬ್ಬ,
ಪಂಢರಿ, ಕಪ್ಪರವಾಡಿ