ಇಪ್ಪತ್ತೊಂದು ಡಜನ್ ಪೊಟ್ಟಣ

ನವೆಂಬರ್ 3, ಸೋಮವಾರ

ಬರೆಯಬೇಕಂತೆ. ಅರವತ್ತೊಂಬತ್ತು ವರ್ಷಕ್ಕೆ ನನಗೆ ಕಾಪಿ ಬರೆಯುವ ಶಿಕ್ಷೆ! ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಸಾಕಿ ಬಂದವಳು ನಾನು. ಶರ್ಟು ಕಾರ್ಖಾನೆಯಲ್ಲಿ ನಲವತ್ತು ವರ್ಷ ಕಾಜಾ ಹೊಲಿದೆ. ಗುಂಡಿ ತೂರಿಸುವ ತೂತು ಹೊಲಿಯುವುದಕ್ಕೆ ಪೆನ್ನು ಬೇಕಾಗಲಿಲ್ಲ.

ತಂಗಿಯ ಮಗಳು ನಿನ್ನೆ ಎರಡು ನೋಟ್‌ಬುಕ್ ತಂದು ಮೇಜಿನ ಮೇಲೆ ಎಸೆದಳು. ಅಂಗಡಿಯಲ್ಲಿ ಕ್ಯಾಶಿಯರ್ ಅವಳು. ಮಾತೂ ಗಲ್ಲಾಪೆಟ್ಟಿಗೆಯ ಹಾಗೆ — ಟಣ್ ಅಂತ ಮುಚ್ಚುತ್ತದೆ.

"ದೊಡ್ಡಮ್ಮ, ಒಂದು ನಿಮಗೆ, ಒಂದು ಅಮ್ಮಂಗೆ. ಎರಡು ವಾರ ಒಂದೊಂದು ಕಾಸೂ ಬರೀರಿ. ಆಮೇಲೆ ಯಾರು ಕಳ್ಳರು ಅಂತ ನೋಡೋಣ."

ಜಗಳ ಡಬ್ಬಿಯದು. ಜನವರಿಯಲ್ಲಿ ತಂಗಿಯ ಹಲ್ಲೆಲ್ಲ ಕೀಳಿಸಿದ್ದಾಯಿತು. ಹೊಸ ಸೆಟ್ಟಿಗೆ ಹದಿನೈದು ಸಾವಿರ. ತಿಂಗಳಿಗೆ ಅವಳದು ಎಂಟುನೂರು, ನನ್ನದು ಏಳುನೂರು, ಉಪ್ಪಿನ ಜಾಡಿಯ ಹಿಂದಿನ ಡಬ್ಬಿಗೆ. ಹತ್ತು ತಿಂಗಳು ಹಾಕಿದೆವು. ನಿನ್ನೆ ಸುರಿದು ಎಣಿಸಿದರೆ ಎಂಟು ಸಾವಿರದ ಆರುನೂರ ನಲವತ್ತು! ಮನೆಯಲ್ಲಿ ಇರುವವರು ಇಬ್ಬರೇ. ನಾನು ತೆಗೆದಿಲ್ಲ. ಇನ್ನು ಯಾರು? ಮುಖಕ್ಕೇ ಅಂದೆ, "ಕಳ್ಳಿ. ಮಗಳಿಗೆ ಸಾಗಿಸಿದೀಯ."

ಅವಳು ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ತಪ್ಪು ಮಾಡಿದವರು ಹಾಗೇ.

ಖರ್ಚು: ಹಾಲು 30. ಸೋಪು 38. ಟೀ ಪುಡಿ 60. ಅಷ್ಟೇ. ನಾನೇನು ದುಂದುಗಾರ್ತಿಯಲ್ಲ.

ನವೆಂಬರ್ 5, ಬುಧವಾರ

ಹಾಲು 30. ಬಚ್ಚಲಿನ ಬಲ್ಬು 90.

ತಂಗಿ ಮಾತು ಬಿಟ್ಟಿದ್ದಾಳೆ. ತಟ್ಟೆ ತಂದು ಇಡುತ್ತಾಳೆ, ಹೋಗುತ್ತಾಳೆ. ಹಲ್ಲಿದ್ದಾಗ ಇವಳು ನಕ್ಕರೆ ಮೂರು ಮಹಡಿ ಕೆಳಗಿನ ವಾಚ್‌ಮನ್ ತಲೆಯೆತ್ತಿ ನೋಡುತ್ತಿದ್ದ. ಈಗ ನಗುವುದೂ ಇಲ್ಲ, ಗಂಜಿ ಬಿಟ್ಟು ಬೇರೇನೂ ತಿನ್ನುವುದೂ ಇಲ್ಲ.

ಸಂಜೆ ವಾಕಿಂಗ್. ಪಾರ್ಕಿನ ಗೇಟಿನ ಹತ್ತಿರ ಒಂದು ಪೊಟ್ಟಣ ಹುರಿದ ಕಡಲೆ. ಬೆಂಚಿನ ಮೇಲೆ ಕೂತು ಪೂರ್ತಿ ಮುಗಿಸಿ, ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿಯೇ ಮನೆಗೆ ಬರುವುದು. ಹಲ್ಲಿಲ್ಲದವಳ ಎದುರು ಕಟುಂಕಟುಂ ಅಂತ ಅಗಿಯುವಷ್ಟು ಕಲ್ಲುಮನಸ್ಸು ನನ್ನದಲ್ಲ. ಎಷ್ಟು ಜಗಳವಿದ್ದರೂ.

ಕಡಲೆಗೆ ಇಪ್ಪತ್ತು. ಇದನ್ನೂ ಖರ್ಚು ಅಂತ ಬರೆಯಬೇಕೇನು? ಚಿಲ್ಲರೆಗೆ ಎಲ್ಲಿಯ ಲೆಕ್ಕ. ಪರ್ಸಿನಲ್ಲಿ ದೊಡ್ಡ ನೋಟೇ ಇರುತ್ತದೆ, ಡಬ್ಬಿಯಿಂದ ಚಿಲ್ಲರೆ ತೆಗೆದುಕೊಂಡು ಹೋಗುತ್ತೇನೆ. ನಾಳೆ ಹಾಕಿದರಾಯಿತು.

ನವೆಂಬರ್ 8, ಶನಿವಾರ

ಹಾಲು 30. ಬೇರೇನೂ ಇಲ್ಲ.

ಹಲ್ಲಿನ ಡಾಕ್ಟರ ಫೋನು. ಡಿಸೆಂಬರ್ ಒಂದರಿಂದ ಎರಡು ಸಾವಿರ ಜಾಸ್ತಿಯಂತೆ. ಹಳೇ ರೇಟಿಗೆ ಅಚ್ಚು ತೆಗೆಯುವುದು ಇಪ್ಪತ್ತೆಂಟಕ್ಕೆ ಕೊನೆ. ಇನ್ನೂ ತಡಮಾಡಿದರೆ ಒಸಡು ಕುಗ್ಗಿ ಸೆಟ್ಟು ನಿಲ್ಲುವುದೇ ಕಷ್ಟ ಅಂದರು. "ದುಡ್ಡು ರೆಡಿ ಇದ್ಯಾ ಅಜ್ಜಿ?"

ತಂಗಿಗೆ ಕೇಳಲಿ ಅಂತಲೇ ಗಂಟಲು ಎತ್ತರಿಸಿದೆ. "ಮನೇಲಿ ಇಲಿ ಸೇರ್ಕೊಂಡಿದೆ ಡಾಕ್ಟ್ರೇ. ದೊಡ್ಡ ಇಲಿ."

ಅವಳು ಬಟ್ಟೆ ಹಿಂಡುತ್ತಿದ್ದಳು. ಹಿಂಡುತ್ತಲೇ ಇದ್ದಳು. ನೀರು ಬರುವುದು ನಿಂತ ಮೇಲೂ.

ಅಷ್ಟು ಅನ್ನಬಾರದಿತ್ತೇನೋ. ಸಂಜೆ ಸೀಬೆಕಾಯಿ ತಿಂದೆ, ಶನಿವಾರ ಕಡಲೆ ಗಾಡಿ ಇರುವುದಿಲ್ಲ. ಎರಡಕ್ಕೆ ಮೂವತ್ತು. ರುಚಿ ಹತ್ತಲಿಲ್ಲ.

ನವೆಂಬರ್ 11, ಮಂಗಳವಾರ

ಕಡಲೆ ಗಾಡಿಗೆ ಹೊಸ ಚಕ್ರ. ಬಾಯಿ ಸುಮ್ಮನಿರಬೇಕಲ್ಲ, ಕೇಳಿದೆ. "ಏನಪ್ಪಾ, ಲಾಟರಿ ಹೊಡೀತಾ?"

"ಲಾಟರಿ ಎಲ್ಲಿಂದ ಬರ್ಬೇಕಮ್ಮ! ಎರಡು ಚಕ್ರದಲ್ಲಿ ಒಂದು ನಿಮ್ದೇ ಅಂತ ಇಟ್ಕೊಳ್ಳಿ. ಜನವರಿಯಿಂದ ನಾನು ಗಾಡಿ ಹಾಕಿದ ದಿನ ನೀವು ತಪ್ಪಿಸ್ಕೊಂಡಿದ್ದೇ ಕಮ್ಮಿ. ನಿಮ್ಮನ್ನ ನೋಡಿ ಗಂಟೆ ಆರಾಯ್ತು ಅಂದ್ಕೋತೀನಿ."

ನಾನೂ ನಕ್ಕೆ. ಬೆಂಚಿಗೆ ಬಂದು ಒಂದು ಕಾಳು ಬಾಯಿಗೆ ಹಾಕಿದೆ. ಅಗಿಯಲಾಗಲಿಲ್ಲ. ಜನವರಿಯಿಂದ… ಒಂದು ಚಕ್ರಕ್ಕೆ ಎಷ್ಟಾಗುತ್ತದೆ?

ನವೆಂಬರ್ 12, ಬುಧವಾರ, ಬೆಳಿಗ್ಗೆ 6

ಕಾರ್ಖಾನೆ ಬಿಟ್ಟಾಗ ತಂದಿದ್ದ ಗುಂಡಿಗಳನ್ನು ನೆಲಕ್ಕೆ ಸುರಿದುಕೊಂಡು ಕೂತೆ. ಕೂಡಿ ಕಳೆಯುವುದು ನನಗೆ ಕಷ್ಟ. ಡಜನ್ ಮಾತ್ರ ಬೆರಳಿಗೇ ಗೊತ್ತು. ವಾರಕ್ಕೆ ಆರು ಗುಂಡಿ ಇಟ್ಟೆ. ಜ್ವರ ಬಂದು ಮಲಗಿದ್ದ ಒಂದು ವಾರ ಬಿಟ್ಟೆ. ನಲವತ್ತೆರಡು ವಾರ. ಇಪ್ಪತ್ತೊಂದು ಡಜನ್ ಪೊಟ್ಟಣ.

ಡಜನ್ನಿಗೆ ಇನ್ನೂರ ನಲವತ್ತು. ಐದು ಸಾವಿರದ ನಲವತ್ತು. ಶನಿವಾರದ ಸೀಬೆಕಾಯಿ ಸಾವಿರದ ಇನ್ನೂರ ಅರವತ್ತು. ಸೇರಿಸಿದರೆ ಆರು ಸಾವಿರದ ಮುನ್ನೂರು. ಡಬ್ಬಿಯಲ್ಲಿ ಕಡಿಮೆ ಬಿದ್ದದ್ದು ಆರು ಸಾವಿರದ ಮುನ್ನೂರ ಅರವತ್ತು.

ಮೂರು ಸಲ ಎಣಿಸಿದೆ. ಗುಂಡಿ ಸುಳ್ಳು ಹೇಳಲಿಲ್ಲ.

ಅರವತ್ತಕ್ಕೆ ಲೆಕ್ಕ ಸಿಗಲಿಲ್ಲ. ಅದನ್ನಾದರೂ ಅವಳು ತೆಗೆದಿರಲಿ ದೇವರೇ ಅಂತ ಮನಸ್ಸು ಆಸೆಪಟ್ಟಿತು. ಥೂ ನನ್ನ ಜನ್ಮಕ್ಕೆ.

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ. ನನಗೆ ಎರಡೂ ಇತ್ತು. ಅವಳ ಹಲ್ಲನ್ನೇ ಹುರಿದುಕೊಂಡು ತಿಂದೆ.

ಈ ತಿಂಗಳು ತೆಗೆದದ್ದನ್ನು ಮೊದಲು ಡಬ್ಬಿಗೆ ಹಾಕಿದೆ. ಅವಳು ಎದ್ದ ಸದ್ದು. ಗುಂಡಿ ಬಾಚಿಕೊಂಡೆ. ಹೇಳಬೇಕು. ಕಾಫಿ ಆದ ಮೇಲೆ ಹೇಳುತ್ತೇನೆ.

ನವೆಂಬರ್ 16, ಭಾನುವಾರ

ನಾಲ್ಕು ದಿನದ ಕಾಫಿ ಆಯಿತು. ಹೇಳಲಿಲ್ಲ. ತಮ್ಮತಂಗಿಯರ ಮುಂದೆ ತಲೆ ತಗ್ಗಿಸಿ ಅಭ್ಯಾಸವಿಲ್ಲದ ಕುತ್ತಿಗೆ ಇದು.

ಇವತ್ತು ಕ್ಯಾಶಿಯರ್ ಬಂದಳು. ಮೊದಲು ತಾಯಿಯ ಪುಸ್ತಕ ಓದಿದಳು. ಎರಡು ವಾರಕ್ಕೆ ಒಟ್ಟು ಐದೇ ಸಾಲು. ಕೊನೆಯದು "ಅಕ್ಕನ ಮಂಡಿಗೆ ಎಣ್ಣೆ 45".

"ಈಗ ನಿಮ್ದು ಕೊಡಿ ದೊಡ್ಡಮ್ಮ."

ಪುಸ್ತಕ ಕೊಡಲಿಲ್ಲ. "ನಾನೇ ತಿಂದಿದ್ದು," ಅಂದೆ. "ಕಡಲೆ. ದಿನಾ ಇಪ್ಪತ್ತು."

"ಆರು ಸಾವಿರದ ಕಡಲೇನಾ? ಅದೇನು ಕುದುರೆ ಕಟ್ಟಿದೀರಾ ಎಲ್ಲಾದ್ರೂ?"

ಬೇರೆ ದಿನವಾಗಿದ್ದರೆ ಕಪಾಳಕ್ಕೆ ಬಿಡುತ್ತಿದ್ದೆ. ಅಷ್ಟರಲ್ಲಿ ತಂಗಿ ಬಾಯಿಬಿಟ್ಟಳು. ಎರಡು ವಾರದ ಮೇಲೆ.

"ಕಡಲೆ ತಿನ್ನೋದು ನಂಗೊತ್ತು. ಅಕ್ಕನ ಸ್ವೆಟರ್ ಜೇಬಲ್ಲಿರೋ ಸಿಪ್ಪೆ ಒಗೆಯೋ ಮುಂಚೆ ನಾನೇ ಅಲ್ವಾ ಕೊಡವೋದು. ನನ್ನೆದುರಿಗೆ ತಿನ್ಬಾರ್ದು ಅಂತ ಹೊರಗೆ ತಿಂದ್ಕೊಂಡು ಬರ್ತಾಳೆ ಪಾಪ, ಅಂತ ಒಳಗೊಳಗೇ ಖುಷಿಪಟ್ಟಿದ್ದೆ. ಅವಳ ಪರ್ಸಿನ ದುಡ್ಡು ಅಂದ್ಕೊಂಡಿದ್ದೆ. ಡಬ್ಬಿ ಸುರಿದ ದಿನ ಗೊತ್ತಾಯ್ತು."

"ಮತ್ತೆ ಅವತ್ತೇ ಯಾಕೆ ಬಾಯಿಬಿಡಲಿಲ್ಲ ನೀನು?" ಜೋರು ಮಾಡಿದೆ. ನಾಚಿಕೆಗೇಡು, ಆಗಲೂ ಜೋರು!

"ನೀನು ಕೇಳ್ಲೇ ಇಲ್ಲ ಅಕ್ಕ. ಕಳ್ಳಿ ಅಂದೆ, ಅಷ್ಟೆ. ನಂಗೆ ಆ ಹಲ್ಲು ಬೇಡ. ಅದ್ರಲ್ಲಿ ಏನು ಅಗಿದ್ರೂ ಆ ಮಾತೇ ಸಿಗುತ್ತೆ."

ಎದ್ದು ಒಳಗೆ ಹೋದಳು. ಕ್ಯಾಶಿಯರ್ ತಾಯಿಯ ಪುಸ್ತಕ ಮುಚ್ಚಿಟ್ಟು ಚಪ್ಪಲಿ ಹಾಕಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು.

ನವೆಂಬರ್ 22, ಶನಿವಾರ

ಆರು ದಿನ ಬರೆಯಲಿಲ್ಲ. ಖರ್ಚಿಲ್ಲ. ಪಾರ್ಕಿನ ಕಡೆ ಹೋಗಿಲ್ಲ.

ಮೂಲೆಯ ಟೈಲರ್ ಅಂಗಡಿಗೆ ಹೋಗಿದ್ದೆ. ಯೂನಿಫಾರಂ ಶರ್ಟುಗಳ ರಾಶಿ. ಅವನ ಕಾಜಾ ಮಿಷನ್ ಕೆಟ್ಟಿದೆ. "ಕೈ ಕಾಜಾ ಆಗುತ್ತೇನಮ್ಮ ಈ ಕಣ್ಣಲ್ಲಿ?" ಅಂದ. ಒಂದು ಹೊಲಿದು ತೋರಿಸಿದೆ. ಭೂತಗನ್ನಡಿ ಹಿಡಿದು ನೋಡಿದ, ರಾಶಿಯನ್ನು ನನ್ನ ಕಡೆ ತಳ್ಳಿದ.

ಶರ್ಟಿಗೆ ಇಪ್ಪತ್ತು. ಒಂದು ಪೊಟ್ಟಣಕ್ಕೆ ಒಂದು ಶರ್ಟು. ಇಪ್ಪತ್ತೊಂದು ಡಜನ್ ಶರ್ಟು ಒಪ್ಪಿಕೊಂಡೆ, ದುಡ್ಡು ಮುಂಗಡ ತೆಗೆದುಕೊಂಡೆ. ಈ ತಿಂಗಳ ಇಬ್ಬರ ಪಾಲೂ ಸೇರಿ ಡಬ್ಬಿಯಲ್ಲಿ ಹದಿನೈದು ಸಾವಿರದ ನೂರ ಎಂಬತ್ತು. ಎಣಿಸಿ ಅವಳ ಮುಂದೆ ಇಟ್ಟೆ. ಅವಳು ಉಪ್ಪಿನ ಜಾಡಿ ಸರಿಸಿ ವಾಪಸ್ ಅಲ್ಲೇ ಇಟ್ಟಳು.

"ದುಡ್ಡಿನ ಮಾತಲ್ಲ ಅಕ್ಕ."

ನನಗೆ ಗೊತ್ತಿರುವುದು ದುಡ್ಡಿನ ಮಾತೊಂದೇ. ಇನ್ನೊಂದು ಮಾತು ಬರಲ್ಲ ಅಂತಲ್ಲ. ಗಂಟಲಲ್ಲಿ ಕಡಲೆಯ ಸಿಪ್ಪೆಯ ಹಾಗೆ ಅಂಟಿಕೊಂಡಿದೆ.

ನವೆಂಬರ್ 25, ಮಂಗಳವಾರ

ಹಾಲು 30. ಶರ್ಟು ಒಂಬತ್ತು ಮುಗಿಯಿತು. ಹೆಬ್ಬೆರಳಿಗೆ ಎರಡು ಸಲ ಸೂಜಿ. ಸರಿಯಾಗೇ ಆಯಿತು.

ತಂಗಿ, ಇದು ನಿನಗೆ. ಪುಸ್ತಕ ತೆರೆದು ನಿನ್ನ ತಟ್ಟೆಯ ಪಕ್ಕ ಇಟ್ಟು ಟೈಲರ್ ಹತ್ತಿರ ಹೋಗುತ್ತಿದ್ದೇನೆ. ಮೊದಲಿಂದ ಓದು. ಇಲಿ ಅಂದದ್ದೂ ಇದೆ, ಆ ಅರವತ್ತಕ್ಕೆ ಆಸೆಪಟ್ಟದ್ದೂ ಇದೆ. ಯಾವುದನ್ನೂ ಹೊಡೆದುಹಾಕಿಲ್ಲ. ಕಳ್ಳಿ ನೀನಲ್ಲ. ನಾನು. ತಪ್ಪಾಯಿತು. ಬಾಯಲ್ಲಿ ಬರಲಿಲ್ಲ, ಕೈಯಲ್ಲಿ ಬಂತು.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಡಾಕ್ಟರ ಹತ್ತಿರ ಹೇಳಿಟ್ಟಿದ್ದೇನೆ. ಹಲ್ಲು ಹಾಕಿಸಿಕೊಂಡ ಮೇಲೂ ನನ್ನ ಜೊತೆ ಮಾತಾಡಬೇಡ ಬೇಕಾದರೆ. ನಗು ಮಾತ್ರ, ವಾಚ್‌ಮನ್‌ಗೆ ಕೇಳುವ ಹಾಗೆ. ನನ್ನನ್ನು ನೋಡಿಯೇ ನಗು. ಇಪ್ಪತ್ತೇಳು, ಗುರುವಾರ ಸಂಜೆಯೊಳಗೆ ನನಗೆ ಉತ್ತರ ಬೇಕು. ತಲೆಯಾಡಿಸಿದರೆ ನಡೆಯಲ್ಲ, ಬಾಯಿಬಿಟ್ಟು ಹೇಳು. ಬರ್ತೀಯೋ ಇಲ್ವೋ?