ನಾನು ಕತ್ತರಿಸಿದ ಅನುಮಾನ

ಮಾರ್ಚ್ ೧೧, ಮಂಗಳವಾರ

ವಕೀಲರ ನೋಟಿಸ್ ಬಂತು. ಕಳೆದ ವಾರ ನಮ್ಮ ಪತ್ರಿಕೆಯಲ್ಲಿ ಬಂದ ಓದುಗರ ಪತ್ರದಿಂದ ಇಲ್ಲಿನ ಶಾಲೆಯೊಂದರ ವಾಲಿಬಾಲ್ ತರಬೇತುದಾರರ ಮಾನ ಹೋಯಿತಂತೆ. ಬರೆದವರು ಒಬ್ಬ ನರ್ಸ್, ಅಲ್ಲಿ ಆಡುವ ಹುಡುಗಿಯ ತಾಯಿ. 'ತಮಗೆ ಬೇಕಾದವರ ಮಕ್ಕಳನ್ನೇ ತಂಡಕ್ಕೆ ಆರಿಸುತ್ತಾರೆ ಎಂಬ ಅನುಮಾನ ನನಗಿದೆ' ಎಂದು ಬರೆದಿದ್ದರು. ನಾನು ನೋಡಿಕೊಳ್ಳುವ ಪತ್ರಗಳ ಪುಟದಲ್ಲಿ ಜಾಗ ಸಾಲಲಿಲ್ಲ. ಕೊನೆಯ ಮೂರು ಪದ ತೆಗೆದವಳು ನಾನು.

ಮಧ್ಯಾಹ್ನ ಅವರೇ ಫೋನ್ ಮಾಡಿದರು; ನೋಟಿಸ್ ಅವರಿಗೂ ಹೋಗಿತ್ತು. "ಮೇಡಂ, ನಾನು ಅಷ್ಟು ನೇರವಾಗಿ ಬರೆದಿದ್ನಾ? ನೆನಪೇ ಆಗ್ತಿಲ್ಲ. ಮಗಳು ಪ್ರಾಕ್ಟೀಸಿಗೆ ಹೋಗಲ್ಲ ಅಂತ ಬಾಗಿಲು ಹಾಕ್ಕೊಂಡಿದ್ದಾಳೆ."

"ನೋಡಿ ಹೇಳ್ತೀನಿ," ಅಂದೆ. ನೋಡುವುದೇನಿತ್ತು?

ಸಂಜೆ ಸಂಪಾದಕರು ಕರೆದರು. "ಬಂದದ್ದು ಬಂದ ಹಾಗೇ ಹಾಕಿದ್ದೀವಿ ತಾನೆ?"

ಮೂಲ ಪತ್ರವನ್ನು ಅವರ ಮುಂದಿಟ್ಟೆ. ಎರಡು ಸಲ ಓದಿದರು.

"ಇದನ್ನ ಬೇರೆ ಯಾರಾದ್ರೂ ನೋಡಿದ್ದಾರಾ?"

"ಇಲ್ಲ ಸರ್."

"ಹಾಗಿದ್ರೆ ನನ್ನ ಹತ್ರಾನೇ ಇರಲಿ," ಎಂದು ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು.

ರಸ್ತೆಗೆ ಬಂದು ನರ್ಸಿಗೆ ಫೋನ್ ಮಾಡಿದೆ. "ನೀವು ಹಾಗೆ ಬರೆದಿರಲಿಲ್ಲ. ಕತ್ತರಿಸಿದ್ದು ನಾನು. ನಿಮ್ಮ ವಕೀಲರಿಗೆ ನನ್ನ ಹೆಸರು ಹೇಳಿ."

"ನಿಮ್ಮ ಕೆಲಸ ಹೋಗಲ್ವಾ?" ಎಂದು ಅವರು ಕೇಳಿದರು.

ಅದನ್ನು ನಾನು ಯೋಚಿಸಿರಲಿಲ್ಲ. ಈಗ ಬೇರೇನೂ ಯೋಚನೆಗೆ ಬರುತ್ತಿಲ್ಲ. ನಾಳೆ ಸಂಪಾದಕರಿಗೂ ಹೇಳಬೇಕು, ಹೀಗೆ ಶುರುಮಾಡಿ: ಸರ್, ನಿನ್ನೆ ಸಂಜೆ ನಾನು ಆ ನರ್ಸಿಗೆ ನಿಜ ಹೇಳಿದೆ.